ಬಲತುದಿಯಲ್ಲಿ ನಿಂತವರು

ನಮ್ಮ ಪತ್ರಕರ್ತರ ಸಂಘದಲ್ಲಿ ಅವರನ್ನು ಎಲ್ಲರೂ ಎಡಬಲ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಒಂದೇ ಪತ್ರಿಕೆಯ ಡೆಸ್ಕಿನಲ್ಲಿ ಕುಳಿತು ಫೋಟೋಗಳ ಕೆಳಗೆ ‘ಎಡದಿಂದ ಬಲಕ್ಕೆ’ ಎಂದು ಬರೆದೂ ಬರೆದೂ ಅಂಟಿದ ಹೆಸರು ಅದು. ಸಂಘದಿಂದ ಫೋನ್ ಹೋದರೆ ಅವರ ಸೊಸೆಯೂ “ಮಾವ, ನಿಮ್ಮ ಎಡಬಲದವರು” ಎಂದೇ ಕೂಗುತ್ತಿದ್ದಳು. ಅವರಿಗೆ ಬೇಜಾರೇನೂ ಇರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ಅವರಿಗೆ ಹಗೆ ಇದ್ದದ್ದು ಒಂದೇ ಪದದ ಮೇಲೆ, ‘ಮತ್ತಿತರರು’. ಅವರಪ್ಪ ಶಾಲೆಯೊಂದರಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಹೊಸ ಕಟ್ಟಡದ ಉದ್ಘಾಟನೆಯ ಫೋಟೋ ಪತ್ರಿಕೆಯಲ್ಲಿ ಬಂದಾಗ ಅದರಲ್ಲಿ ಅಪ್ಪನೂ ಇದ್ದರು, ಒಗೆದ ಅಂಗಿ ತೊಟ್ಟು, ನೀರು ಹಚ್ಚಿ ತಲೆ ಬಾಚಿಕೊಂಡು. ಕೆಳಗೆ ಮಂತ್ರಿಯ ಹೆಸರಿತ್ತು, ಹೆಡ್‌ಮಾಸ್ಟರ ಹೆಸರಿತ್ತು, ಆಮೇಲೆ ‘ಮತ್ತಿತರರು ಚಿತ್ರದಲ್ಲಿದ್ದಾರೆ’ ಎಂದಿತ್ತು. ಮನೆಗೆ ಬಂದವರಿಗೆಲ್ಲ ಅಪ್ಪ ಆ ತುಣುಕಿನ ಮೇಲೆ ಬೆರಳಿಟ್ಟು “ಇವನು ನಾನು” ಎಂದು ತೋರಿಸಬೇಕಾಗುತ್ತಿತ್ತು. “ಹೆಸರು ಹಾಕಿದ್ರೆ ಬೆರಳು ಯಾಕೆ ಬೇಕಿತ್ತು?” ಎಂದು ಎಡಬಲ ಹೊಸ ವರದಿಗಾರರನ್ನು ಕೇಳುತ್ತಿದ್ದರು.

ನಿವೃತ್ತರಾದ ಮೇಲೆ ಸಂಘದ ಬುಲೆಟಿನ್ ಅವರ ಕೈಗೆ ಬಂತು. ಎಂಟು ಪುಟ, ನಾನೂರು ಪ್ರತಿ, ಸಂಬಳವಿಲ್ಲದ ಚಾಕರಿ. ನಮ್ಮ ಯಾವ ಕಾರ್ಯಕ್ರಮವಾದರೂ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಬರುತ್ತಿದ್ದರು. ಫೋಟೋ ತೆಗೆದ ತಕ್ಷಣ, ಜನ ಚದುರುವ ಮೊದಲೇ, ಎಡತುದಿಯಿಂದ ಶುರು ಮಾಡಿ ಒಬ್ಬೊಬ್ಬರ ಮುಂದೆ ನಿಂತು ಹೆಸರು, ಕೆಲಸ ಕೇಳಿ ಬರೆದುಕೊಳ್ಳುತ್ತಿದ್ದರು. ಒಂದೇ ಒಂದು ಹೆಸರೂ ತಪ್ಪಿದ್ದಿಲ್ಲ. ಸಂಘದ ಕಾರ್ಯದರ್ಶಿಯಾಗಿ ಆರು ವರ್ಷ ಅವರನ್ನು ನೋಡಿದವಳು ನಾನು, ಅವರ ಪರವಾಗಿ ಇಷ್ಟನ್ನಂತೂ ಆಣೆ ಮಾಡಿ ಹೇಳಬಲ್ಲೆ.

ಆ ವರ್ಷ ನಾವು ಸುದ್ದಿ ಕೊಟ್ಟವರ ರಕ್ಷಣೆಗೆ ಕಾನೂನು ಬೇಕೆಂದು ಹಟ ಹಿಡಿದಿದ್ದೆವು. ಕಾರಣವಿತ್ತು. ಊರಿನ ಕುಡಿಯುವ ನೀರಿನ ಪರೀಕ್ಷೆಯ ಅಂಕಿಗಳನ್ನು ಪರೀಕ್ಷೆ ಮಾಡದೆಯೇ ಕುಳಿತಲ್ಲೇ ಬರೆಯಲಾಗುತ್ತಿದೆ ಎಂದು ನಮ್ಮ ಸದಸ್ಯನೊಬ್ಬ ವರದಿ ಮಾಡಿದ್ದ. ದಾಖಲೆ ಕೊಟ್ಟವರು ಯಾರೆಂದು ಹೇಳು ಎಂದು ಅಧಿಕಾರಿಗಳು ಅವನನ್ನು ಮೂರು ಸಲ ಕರೆಸಿ ಕೂರಿಸಿದ್ದರು. ಅವನು ಬಾಯಿ ಬಿಟ್ಟಿರಲಿಲ್ಲ. ಹಿಂದಿನ ವರ್ಷ ಬೇರೆ ಇಲಾಖೆಯಲ್ಲಿ ಹೀಗೇ ದಾಖಲೆ ಕೊಟ್ಟು ಸಿಕ್ಕಿಬಿದ್ದ ಗುಮಾಸ್ತ ಇನ್ನೂ ಜೈಲಿನಲ್ಲಿದ್ದ. ಆದ್ದರಿಂದ ಒಂದು ಭಾನುವಾರ ಬಾಡಿಗೆ ಸಭಾಂಗಣದಲ್ಲಿ ಕಾರ್ಯಾಗಾರ ಇಟ್ಟೆವು. ವಕೀಲರು ಮಾತಾಡಿದರು, ಮನವಿಪತ್ರಕ್ಕೆ ನೂರಾ ಹತ್ತು ಸಹಿ ಬಿತ್ತು. ಚಹಾದ ವೇಳೆಗೆ ಫೋಟೋಗ್ರಾಫರ್ ಕೈಗೆ ಸಿಕ್ಕ ಹತ್ತಿಪ್ಪತ್ತು ಜನರನ್ನು ಕುರಿ ಅಟ್ಟಿದಂತೆ ಅಟ್ಟಿ ಮೆಟ್ಟಿಲ ಮೇಲೆ ನಿಲ್ಲಿಸಿದ.

ಅದೇ ವಾರ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ವರದಿಗಾರ ಸಂಘದ ಕಚೇರಿಗೆ ಬಂದ. ಕೈಯಲ್ಲಿ ಬುಲೆಟಿನ್ ಇತ್ತು. ಮೊದಲ ಪುಟವನ್ನು ನನ್ನ ಮೇಜಿನ ಮೇಲಿಟ್ಟು ಫೋಟೋದ ಕೆಳಗಿನ ಸಾಲು ತೋರಿಸಿದ. ಬಲತುದಿಯಲ್ಲಿ, ಅವನ ಪಕ್ಕದಲ್ಲಿ, ಮುಖವನ್ನು ಅರ್ಧ ತಿರುಗಿಸಿಕೊಂಡು ನಿಂತ ಹುಡುಗಿ. ಕೆಳಗೆ ಅವಳ ಪೂರ್ತಿ ಹೆಸರು, ಮುಂದೆ ‘ಸಹಾಯಕಿ, ನೀರು ಪರೀಕ್ಷಾ ಕೇಂದ್ರ’.

“ಇವಳೇ?” ಎಂದೆ.

“ಇವಳೇ. ಇನ್ನೊಂದು ಕಾಗದ ಕೊಡೋಕೆ ಬಂದಿದ್ಲು. ಜನರ ಮಧ್ಯೆ ಯಾರಿಗೂ ಗೊತ್ತಾಗಲ್ಲ ಅಂತ ನಾನೇ ಕರೆದಿದ್ದೆ.”

ಬೇಲಿಯೇ ಎದ್ದು ಹೊಲ ಮೇಯ್ದಂತಾಗಿತ್ತು. ಎಡಬಲರ ಮೇಲೆ ಎಂಥ ಸಿಟ್ಟು ಬಂತೆಂದರೆ ಅವರ ವಯಸ್ಸು ನೋಡದೆ ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೆನಪಾಯಿತು, ಅಚ್ಚಿಗೆ ಹೋಗುವ ಮುಂಚೆ ಆ ಪುಟ ನನ್ನ ಕಣ್ಣ ಮುಂದೆಯೂ ಬಂದಿತ್ತು. ಮಧ್ಯದಲ್ಲಿ ನಿಂತ ನನ್ನ ಮುಖ ಹೇಗೆ ಬಂದಿದೆ ಎಂದು ನೋಡಿ, ಸರಿ ಎಂದು ಸಹಿ ಹಾಕಿದ್ದೆ.

ಎಡಬಲ ಆಗಷ್ಟೇ ಖಾಲಿ ಚೀಲ ಹಿಡಿದುಕೊಂಡು ಒಳಗೆ ಬಂದರು. ಬುಲೆಟಿನ್ನಿನ ಮೊದಲ ಇಪ್ಪತ್ತು ಪ್ರತಿಗಳನ್ನು ಊರಿನ ಕಚೇರಿಗಳ ಮುಖ್ಯಸ್ಥರಿಗೆ ತಾವೇ ತಲುಪಿಸುವುದು ಅವರ ಪದ್ಧತಿ. ನಾವು ಇದ್ದೇವೆ ಎಂದು ಅವರಿಗೆ ಗೊತ್ತಿರಲಿ, ಅಂತ. ವಿಷಯ ಹೇಳಿದೆವು. ಅವರು ಚೀಲವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಆ ಮಗು ಒಂದು ಕ್ಷಣ ತಡೆದು ಹೆಸರು ಹೇಳ್ತು. ನಾಚಿಕೆ ಅಂದ್ಕೊಂಡೆ. ಯಾವ ಕೆಲಸಾನೂ ಸಣ್ಣದಲ್ಲಮ್ಮ, ಹೇಳು ಅಂದೆ” ಎಂದರು. ಆಮೇಲೆ, “ನೀರಿನ ಕಚೇರಿಗೆ ಒಂಬತ್ತೂವರೆಗೇ ಕೊಟ್ಟೆ” ಎಂದರು.

ಮೂವರೂ ಬಾಗಿಲ ಕಡೆ ನೋಡಿದೆವು. ಫೋನ್ ಮಾಡಿ ಅವಳನ್ನು ಎಚ್ಚರಿಸೋಣವೆಂದರೆ ಅವಳ ಫೋನಿನ ಮೇಲೂ ಕಣ್ಣಿದ್ದರೆ ಏನು ಗತಿ? ಪ್ರತಿ ವಾಪಸ್ ಕೇಳಿದರೆ, ಅದನ್ನು ಇನ್ನೂ ಓದದವನೂ ಬಿಡಿಸಿ ಓದುತ್ತಾನೆ. ವರದಿಗಾರ ಹೋಗುವ ಹಾಗೇ ಇಲ್ಲ. ಕೊನೆಗೆ ಎಡಬಲ ನನ್ನ ಕಡೆ ತಿರುಗಿದರು. “ಕರೆಯೋ ಮೊದಲೇ ಹೋಗೋದು ಒಳ್ಳೇದು. ನೀನೂ ಬಾ. ನಾನು ಏನು ಹೇಳಿದ್ರೂ ಅಡ್ಡ ಮಾತಾಡ್ಬೇಡ.”

ನೀರಿನ ಕಚೇರಿಯ ಎರಡನೇ ಮಹಡಿಯಲ್ಲಿ ಉದ್ದನೆಯ ಬೆಂಚಿನ ಮೇಲೆ ನಲವತ್ತು ನಿಮಿಷ ಕುಳಿತೆವು. ಪರೀಕ್ಷಾ ಕೇಂದ್ರ ಅದೇ ಕಟ್ಟಡದ ಕೆಳಗಡೆ. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾದಾಗಲೆಲ್ಲ ಅವಳೇ ಬಂದಳೆಂದು, ಅವಳನ್ನೇ ಕರೆತಂದರೆಂದು ನಾನು ತಿರುಗಿ ನೋಡುತ್ತಿದ್ದೆ. ಎಡಬಲ ನೋಟ್‌ಬುಕ್ಕಿನಲ್ಲಿ ಹೋದ ವರ್ಷದ ಹಾಳೆಯೊಂದನ್ನು ಹುಡುಕಿ ಓದಿ, ಮತ್ತೆ ಜೇಬಿಗಿಟ್ಟುಕೊಂಡರು.

ಅಧಿಕಾರಿಯ ಮೇಜಿನ ಮೇಲೆ ಬುಲೆಟಿನ್ ಬಿಚ್ಚಿಕೊಂಡೇ ಬಿದ್ದಿತ್ತು. ಫೋಟೋದ ಬಲತುದಿಗೆ ಪೆನ್ಸಿಲ್ಲಿನಿಂದ ಸುತ್ತು ಹಾಕಿತ್ತು.

“ನಾನೇ ಹೇಳಿ ಕಳಿಸ್ಬೇಕು ಅಂತಿದ್ದೆ, ನೀವೇ ಬಂದ್ರಿ” ಎಂದ ಅಧಿಕಾರಿ, ಬಹಳ ಮೆತ್ತಗೆ.

“ಕ್ಷಮಿಸ್ಬೇಕು ಸಾರ್. ಒಂದು ತಪ್ಪಾಗಿದೆ” ಎಂದರು ಎಡಬಲ. ಜೇಬಿನಿಂದ ನೋಟ್‌ಬುಕ್ ತೆಗೆದರು. “ಹೋದ ವರ್ಷ ನಾವೆಲ್ಲ ನಿಮ್ಮ ಪರೀಕ್ಷಾ ಕೇಂದ್ರ ನೋಡೋಕೆ ಬಂದಿದ್ವಲ್ಲ, ಆವತ್ತು ಬರ್ಕೊಂಡ ಹೆಸರುಗಳು ಇಲ್ಲಿದಾವೆ. ಈ ಹೆಸರೂ ಇದೆ, ನೋಡಿ. ಪುಟ ತಿರುಗಿಸುವಾಗ ಎರಡು ಹಾಳೆ ಕೂಡಿಕೊಂಡ್ವು. ಅಲ್ಲಿದ್ದ ಹೆಸರು ಇಲ್ಲಿಗೆ ಬಂತು.”

“ಹಾಗಾದ್ರೆ ಫೋಟೋದಲ್ಲಿರೋದು ಯಾರು?”

“ನೆನಪಿಲ್ಲ ಸಾರ್.”

“ನಿಮಗೇ ನೆನಪಿಲ್ವಾ? ನಾನೂ ನಿಮ್ಮ ಪತ್ರಿಕೆ ಓದ್ಕೊಂಡೇ ಬೆಳೆದೋನು.”

“ವಯಸ್ಸಾಯ್ತು. ಮನೇಲೂ ಹೀಗೇ ಆಗ್ತಿದೆ. ಸೊಸೆ ಡಾಕ್ಟರ ಹತ್ರ ಕರ್ಕೊಂಡ್ಹೋಗ್ತೀನಿ ಅಂತಿದಾಳೆ.”

ಅಧಿಕಾರಿ ಫೋಟೋವನ್ನು ಬೆಳಕಿಗೆ ಹಿಡಿದ. ಕಾಣುತ್ತಿದ್ದದ್ದು ಒಂದು ಕಿವಿ, ಅರ್ಧ ಕೆನ್ನೆ. ನಮ್ಮ ಅಗ್ಗದ ಮುದ್ರಣವನ್ನು ನಾನು ಎಷ್ಟೋ ಸಲ ಶಪಿಸಿದ್ದೇನೆ, ಆವತ್ತು ಕೈಮುಗಿಯಬೇಕೆನಿಸಿತು.

“ಸರಿ. ಬರೆದು ಕೊಡಿ. ಅಚ್ಚೂ ಹಾಕಿಸಿ. ಇಷ್ಟು ದೊಡ್ಡ ತಪ್ಪು ಮಾಡಿದವರನ್ನ ಸಂಘ ಏನು ಮಾಡುತ್ತೋ ಅದನ್ನೂ ನೋಡ್ತೀನಿ.”

ಎಡಬಲ ಅಲ್ಲೇ ಕುಳಿತು ತಿದ್ದುಪಡಿ ಬರೆದರು: ‘ಹೆಸರು ತಪ್ಪಾಗಿ ಅಚ್ಚಾಗಿದೆ. ಬಲತುದಿಯವರನ್ನು ಮತ್ತಿತರರು ಎಂದು ಓದಿಕೊಳ್ಳಬೇಕು.’ ‘ಮತ್ತಿತರರು’ ಎಂಬಲ್ಲಿ ಎರಡು ಸಲ ಹೊಡೆದು ಮತ್ತೆ ಬರೆದರು. ಮುದುಕನ ಕೈ ತಾನೆ ಎಂದು ಅಧಿಕಾರಿ ಅದನ್ನೂ ನಂಬಿದನೇನೋ.

ಮುಂದಿನ ವಾರದ ಭಾನುವಾರ ತುರ್ತು ಸಭೆ ಕರೆದೆವು. ಸದಸ್ಯರಿಗೆ ನಿಜ ಹೇಳುವಂತಿರಲಿಲ್ಲ. ನೂರು ಜನ ಪತ್ರಕರ್ತರಿಗೆ ಗುಟ್ಟು ಹೇಳುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಅವರಿಗೆ ಗೊತ್ತಿದ್ದದ್ದು ಇಷ್ಟು: ಮುದುಕ ಹೆಸರು ಅದಲುಬದಲು ಮಾಡಿ ಸಂಘದ ಮಾನ ಕಳೆದಿದ್ದಾನೆ. ಅದೂ ಕಾನೂನು ಕೇಳುತ್ತಿರುವ ಹೊತ್ತಿನಲ್ಲಿ. ಬುಲೆಟಿನ್ನಿನಿಂದ ಅವರನ್ನು ತೆಗೆಯುವ ನಿರ್ಣಯ ನನ್ನ ಕೈಯಲ್ಲಿತ್ತು. ಓದಲು ಎದ್ದಾಗ ಹಿಂದಿನ ಸಾಲಿನಲ್ಲಿ ನೀರಿನ ಅಧಿಕಾರಿಯ ಆಪ್ತಸಹಾಯಕ ಕುಳಿತಿರುವುದು ಕಂಡಿತು, ತೊಡೆಯ ಮೇಲೆ ಒಂದು ಫೈಲು ಇಟ್ಟುಕೊಂಡು. ಕೈಯಲ್ಲಿದ್ದ ಹಾಳೆಯನ್ನು ಕೆಳಗಿಟ್ಟೆ.

ಮುಂದಿನ ಕುರ್ಚಿಯಲ್ಲಿದ್ದ ಎಡಬಲ ನನಗಷ್ಟೇ ಕೇಳುವಂತೆ ಹೇಳಿದರು: “ಓದು. ಹಿಂದಿನವರೆಗೂ ಕೇಳೋ ಹಾಗೆ ಓದು.”

ಓದಿದೆ. ‘ನೆನಪಿನ ದೌರ್ಬಲ್ಯ’, ‘ಅಕ್ಷಮ್ಯ ಅಜಾಗರೂಕತೆ’, ಎಲ್ಲವನ್ನೂ ಬಿಡಿಬಿಡಿಯಾಗಿ ಓದಿದೆ. ಯಾರೋ ಕಿಸಕ್ಕನೆ ನಕ್ಕರು. ಮತಕ್ಕೆ ಹಾಕಿದಾಗ ಮೊದಲು ಮೇಲೆದ್ದ ಕೈ ಅವರದೇ. ಆಪ್ತಸಹಾಯಕ ಫೈಲಿನಲ್ಲಿ ಏನೋ ಬರೆದುಕೊಂಡು ಎದ್ದು ಹೋದ.

ಸಭೆ ಮುಗಿದ ಮೇಲೆ ಎಡಬಲ ಮೆಟ್ಟಿಲ ಬಳಿ ನನಗಾಗಿ ಕಾಯುತ್ತಿದ್ದರು. ಒಂಬತ್ತು ದಿನಗಳಲ್ಲಿ ಹತ್ತು ವರ್ಷ ಹೆಚ್ಚಾದವರಂತೆ ಇಳಿದುಹೋಗಿದ್ದರು. ಕಾಲರು ಕುತ್ತಿಗೆಗೆ ಸಡಿಲವಾಗಿತ್ತು.

“ಆ ಮಗು ಕೆಲಸದಲ್ಲಿದೆಯಾ?”

ನಮಗೆ ಗೊತ್ತಿರಲಿಲ್ಲ. ಆ ಶುಕ್ರವಾರದಿಂದ ವರದಿಗಾರ ಅವಳ ಬೀದಿಯಲ್ಲೂ ಕಾಲಿಟ್ಟಿರಲಿಲ್ಲ, ಅವಳೂ ಸುದ್ದಿ ಕಳಿಸಿರಲಿಲ್ಲ. ಹಾಗೆಯೇ ಇರಬೇಕೆಂದು ನಾವೇ ನಿಶ್ಚಯಿಸಿದ್ದೆವು. ಅವಳು ಕೆಲಸದಲ್ಲಿದ್ದಾಳೋ, ಯಾವುದಾದರೂ ಕೋಣೆಯಲ್ಲಿ ಅವಳನ್ನು ಕೂರಿಸಿದ್ದಾರೋ, ದೇವರೇ ಬಲ್ಲ.

“ಇದಾಳೆ. ಏನೂ ತೊಂದರೆ ಆಗಿಲ್ಲ” ಎಂದೆ.

“ಯಾರು ಹೇಳಿದ್ರು?”

ಮೂವತ್ತೊಂದು ವರ್ಷ ಡೆಸ್ಕಿನಲ್ಲಿ ಕುಳಿತವರು, ಕೇಳದೆ ಬಿಟ್ಟಾರೆಯೇ? ನನಗೆ ಯಾರೂ ಏನೂ ಹೇಳಿರಲಿಲ್ಲ.

“ಹೆಸರು ಹೇಳೋ ಹಾಗಿಲ್ಲ” ಎಂದೆ.

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. “ಸರಿ, ಹೇಳ್ಬೇಡ” ಎಂದು, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿಯತೊಡಗಿದರು.