ತಿರುಗಿ ನೋಡಿದ ಹುಡುಗಿ

ಆ ಶನಿವಾರ ಬೆಳಿಗ್ಗೆ ಎದ್ದು ಇಡ್ಲಿಗೆ ನೆನೆಹಾಕಿದೆ. ಎರಡು ಲೋಡು ಬಟ್ಟೆ ಒಗೆದು ಮಡಿಚಿಟ್ಟೆ. ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಗೆ ಹೋಗಿ ಕರಿಬೇವು, ಎಳೆ ಬದನೆಕಾಯಿ ತಂದೆ. ಫ್ರಿಜ್ಜಿನ ಕೆಳಗಿನ ಡ್ರಾಯರು ತೊಳೆದೆ. ಮಧ್ಯಾಹ್ನ ಊಟದ ಮೇಜು ಒರೆಸಿದೆ. ಆ ಕೊನೆಯ ಕೆಲಸವೊಂದನ್ನು ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಯಾರಾದರೂ ಹೀಗಾಯಿತು ಹಾಗಾಯಿತು ಅಂದರೆ, ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಬಿಡಿ, ಅನ್ನುತ್ತಿದ್ದೆ. ಇದು ನಡೆದದ್ದು ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಕಿಟಕಿಯಲ್ಲಿ ಇನ್ನೂ ಬಿಸಿಲಿದ್ದಾಗ.

ನಮ್ಮ ಮಗಳು ಸಿರಿ ಆಗ ಹೈಸ್ಕೂಲಿನ ಕೊನೆಯ ವರ್ಷ. ಸ್ನೇಹಿತರ ಮಕ್ಕಳೆಲ್ಲ ಕಂಪ್ಯೂಟರ್ ಸೈನ್ಸಿಗೆ ಅರ್ಜಿ ಹಾಕುತ್ತಿದ್ದರೆ ಇವಳಿಗೆ ಜಪಾನಿನ ಒಂದು ಯೂನಿವರ್ಸಿಟಿಯ ಹುಚ್ಚು. ಕಾಮಿಕ್ಸು, ಅನಿಮೇಷನ್ನು ಕಲಿಸುವುದಕ್ಕೇ ಹೆಸರಾದ ಜಾಗವಂತೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು ಜಪಾನಿ ಭಾಷೆಯನ್ನು ತಾನೇ ಕಲಿತುಕೊಂಡಿದ್ದಳು. ನನಗೆ ಅದೂ ಒಂದು ಹೊಟ್ಟೆಯುರಿ.

ಅರ್ಜಿಯ ಜೊತೆ ಕೈಯಲ್ಲಿ ಬಿಡಿಸಿದ ಪುಟ್ಟ ಅನಿಮೇಷನ್ ಒಂದನ್ನು ಕಳಿಸಬೇಕಿತ್ತು. ಇವಳದು ಇಷ್ಟೇ: ಹುಡುಗಿಯೊಬ್ಬಳು ಬಾಗಿಲು ತೆರೆದು ಮನೆಯೊಳಗೆ ಬಂದು ಶೂ ಬಿಚ್ಚುತ್ತಾಳೆ. ಎಲ್ಲವೂ ಬೆನ್ನ ಕಡೆಯಿಂದ. ಮುಖ ಎಲ್ಲೂ ಇಲ್ಲ. ಅಷ್ಟಕ್ಕೇ ಒಂದು ರಾಶಿ ಹಾಳೆ. ಒಂದರಿಂದ ಇನ್ನೊಂದಕ್ಕೆ ಹುಡುಗಿ ಕೂದಲೆಳೆಯಷ್ಟು ಸರಿದಿರುತ್ತಾಳೆ. ಅವನ್ನು ಸಣ್ಣ ಸಣ್ಣ ಕಟ್ಟು ಮಾಡಿ, ಯಾವುದರ ನಂತರ ಯಾವುದು ಎಂದು ಹಳದಿ ಚೀಟಿ ಅಂಟಿಸಿ ಮೇಜಿನ ಮೇಲಿಟ್ಟಿದ್ದಳು. ಅವತ್ತು ರಾತ್ರಿಯೊಳಗೆ ಫೋಟೋ ತೆಗೆದು ಕಳಿಸಬೇಕು. ಗೆಳತಿಯ ಮನೆಯಿಂದ ಕ್ಯಾಮೆರಾ ಸ್ಟ್ಯಾಂಡು ತರಲು ಹೋದಳು.

ನಾನು ಮೇಜು ಒರೆಸಲು ಹೋಗಿ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಅಂಚು ಕುಟ್ಟಿ ಸಮ ಮಾಡಿ ಇಟ್ಟೆ. ಚೀಟಿಗಳನ್ನು ಕಿತ್ತು ಕಸಕ್ಕೆ ಹಾಕಿದೆ.

ಸಿರಿ ಬಂದು ನೋಡಿದವಳು ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. ಹುಬ್ಬಳ್ಳಿಯವರಾದ ನಮ್ಮ ಯಜಮಾನರು ಸೋಫಾದಿಂದಲೇ, "ನಿಮ್ಮವ್ವಗ ಮೇಜ್ ಮ್ಯಾಲೆ ಏನರ ಕಂಡ್ರ ಕೈ ಸುಮ್ನಿರಂಗಿಲ್ಲ. ನಾ ಕೂತ್ರ ನನ್ನೂ ಒರಸ್ತಾಳ," ಅಂದರು.

ಎಷ್ಟು ಕೆಟ್ಟಿದೆ ನೋಡೋಣವೆಂದು ಅವಳು ಕಟ್ಟನ್ನು ಬಾಗಿಸಿ, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಟ್ಟಳು. ನಾನು ಅವಳ ಹಿಂದೆ ನಿಂತಿದ್ದೆ. ಕಲಸುಮೇಲೋಗರವಾಗಿ ಕಾಣಬೇಕಿದ್ದ ಚಿತ್ರದ ಹುಡುಗಿ ನೀರು ಹರಿದಷ್ಟು ಸರಾಗವಾಗಿ ಬಗ್ಗಿದಳು. ಬಿಚ್ಚಿಟ್ಟ ಶೂ ಕೈಗೆತ್ತಿಕೊಂಡಳು. ಬರಿಗಾಲಲ್ಲಿ ಬಾಗಿಲ ತನಕ ಹೋಗಿ, ತಿರುಗಿ, ಸಿರಿಯ ಭುಜದ ಮೇಲಿಂದ ನೇರ ನನ್ನನ್ನೇ ನೋಡಿದಳು. ಆಮೇಲೆ ಹೊರಟುಹೋದಳು.

"ಅಮ್ಮ, ಡಿಡ್ ಯೂ ಸೀ ದಟ್? ಐ ನೆವರ್ ಡ್ರೂ ಹರ್ ಫೇಸ್," ಅಂದಳು ಸಿರಿ, ಮೆಲ್ಲಗೆ.

ಮತ್ತೆ ಬಿಟ್ಟು ನೋಡಿದಳು. ಈ ಸಲ ಬರೀ ಗೊಂದಲ. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಹಾಳೆ ತೆಗೆದು ನೋಡಿದೆವು. ಎಲ್ಲದರಲ್ಲೂ ಬೆನ್ನೇ. ಶೂ ಹಿಡಿದ ಚಿತ್ರ ಒಂದೂ ಇರಲಿಲ್ಲ.

ಹಾಳೆ ಜೋಡಿಸುತ್ತಲೇ ಅವಳು ಕನ್ನಡದಲ್ಲಿ ಕೇಳಿದಳು: "ಬೇಕಂತ ಮಾಡಿದ್ಯಾ ಅಮ್ಮ?"

"ಇಲ್ಲ ಕಣೆ, ಮರೆತೆ," ಅಂದೆ. ಆ ಚೀಟಿಗಳು ಯಾಕೆ ಅಂತ ಹಿಂದಿನ ಸಂಜೆ ತಾನೇ ನನ್ನನ್ನು ಕೂರಿಸಿಕೊಂಡು ವಿವರಿಸಿದ್ದಳು. ಕೀಳುವಾಗ ಅದು ನನಗೆ ನೆನಪಿತ್ತೇ? ಎಷ್ಟು ಸಲ ಕೇಳಿಕೊಂಡರೂ ನನ್ನ ಕೈ ಮಾತ್ರ ಕಾಣುತ್ತದೆ, ಮನಸ್ಸು ಕಾಣುವುದಿಲ್ಲ. ಹುಡುಗಿ ತಿರುಗಿ ನೋಡಿದ್ದು ಹೇಗೆಂದು ನನಗೆ ಗೊತ್ತಿಲ್ಲ. ಇದೂ ಗೊತ್ತಿಲ್ಲ.

ಜಪಾನಿನಲ್ಲಿ ಸೀಟು ಸಿಗಲಿಲ್ಲ. ಕಾರಣ ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಈಗ ಕಂಪ್ಯೂಟರ್ ಓದುತ್ತಾಳೆ. ಒಳ್ಳೆಯ ಮಾರ್ಕ್ಸು ಬರುತ್ತಿದೆ.

ಆ ಶನಿವಾರ ರಾತ್ರಿ ಊಟಕ್ಕೆ ಮೊಸರನ್ನ, ನಿಂಬೆಕಾಯಿ ಉಪ್ಪಿನಕಾಯಿ. ಅವಳ ಕೈ ಬಿಡುವಿರಲಿಲ್ಲವೆಂದು ನಾನೇ ಕಲಸಿ ತುತ್ತು ಕೊಟ್ಟೆ. ಮುಖ ಎತ್ತದೆ ಬಾಯಿ ತೆರೆದಳು. ಯಜಮಾನರು ಹಾಲ್‌ನ ದೀಪ ಆರಿಸಿ, ಅವಳ ಮೇಜಿನದನ್ನು ಬಿಟ್ಟು, ಪುಸ್ತಕ ಹಿಡಿದು ಮಲಗಿದರು. ಅವಳು ಇನ್ನೂ ಹಾಳೆ ಜೋಡಿಸುತ್ತಲೇ ಇದ್ದಳು. ಮೊದಲು ನಿದ್ದೆ ಹೋದವಳು ನಾನು.