ನೂರಕ್ಕೆ ಒಂದು ಕಡಿಮೆ

ನಾನು ಗಣಿತದ ಟೀಚರ್ ಎಂದು ಹೇಳಿದರೆ ಸಾಕು, ಎದುರಿಗಿದ್ದವರು ತಮ್ಮ ಎಸ್ಸೆಸ್ಸೆಲ್ಸಿ ಅಂಕ ಹೇಳಲು ಶುರುಮಾಡುತ್ತಾರೆ. ನಾನು ಕೇಳಿರುವುದಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳಿದ್ದಾರೆ, ಸೀರೆ ಅಂಗಡಿಯವರು ಬಿಚ್ಚಿದ ಸೀರೆ ಮಡಚುತ್ತಲೇ ಹೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಅವರೂ ಹೇಳಿಬಿಟ್ಟರು: “ಉಳದದ್ದೆಲ್ಲಾ ಚಲೋ ಇತ್ರಿ ಮೇಡಂ, ಗಣಿತದಾಗ ಮಾತ್ರ ಎಪ್ಪತ್ತೊಂದು.” ಬಾಯಲ್ಲಿ ಹತ್ತಿ ತುರುಕಿದ್ದರಿಂದ ನನಗೆ ಅವರನ್ನು ಕ್ಷಮಿಸಲು ಆಗಲಿಲ್ಲ. ಮನುಷ್ಯ ಮದುವೆಯ ತಾರೀಖು ಮರೆಯುತ್ತಾನೆ, ಗ್ಯಾಸ್ ಆರಿಸಿದ್ದು ಮರೆಯುತ್ತಾನೆ, ಆದರೆ ಹತ್ತನೆಯ ಇಯತ್ತೆಯ ಗಣಿತದ ಅಂಕವನ್ನು ಮರೆತವರನ್ನು ನಾನು ಇದುವರೆಗೂ ಕಂಡಿಲ್ಲ.

ನಾನಿರುವುದು ಬೆಳಗಾವಿಯ ಮಹಾಂತೇಶ ನಗರದಲ್ಲಿ, ಕಲಿಸುವುದು ಖಾನಾಪುರದಲ್ಲಿ. ಬೆಳಿಗ್ಗೆ ಸಿಟಿ ಬಸ್ಸು ಹಿಡಿದು ಸ್ಟ್ಯಾಂಡಿಗೆ, ಅಲ್ಲಿಂದ ಖಾನಾಪುರದ ಬಸ್ಸು. ಆ ಬಸ್ಸಿನ ಕಂಡಕ್ಟರೊಬ್ಬರಿಗೆ ನನ್ನ ಕೈಯಲ್ಲಿದ್ದ ಉತ್ತರ ಪತ್ರಿಕೆಗಳ ಕಟ್ಟು ಕಂಡ ದಿನವೇ ಅವರ ಅಂಕ ನನಗೆ ತಿಳಿಯಿತು. “ಮೂವತ್ತೈದ್ರಿ ಮೇಡಂ! ಒಂದ ಹೆಚ್ಚಿಲ್ಲ, ಒಂದ ಕಡಿಮಿಲ್ಲ. ಅಳತಿ ಹಚ್ಚಿ ಕೊಟ್ಟಂಗ ಕೊಟ್ಟಿದ್ರು.” ಅದನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ಬೆಳಕಿತ್ತೆಂದರೆ, ಹಿಂದಿನ ಸೀಟಿನವರು ಯಾರಿಗೋ ಗಂಡು ಹುಟ್ಟಿರಬೇಕೆಂದು ತಿಳಿದರು.

ಇದನ್ನು ನೋಡಿದಾಗಲೆಲ್ಲ ನನಗೆ ಒಂದು ವಿಚಾರ ಬರುತ್ತದೆ. ಗಣಿತದ ಟೀಚರ್ ಆಡಬಾರದ ಮಾತು, ಆದರೂ ನಿಮ್ಮಲ್ಲಿ ಹೇಳುತ್ತೇನೆ, ಹೊರಗೆ ಬಿಡಬೇಡಿ. ಒಂದು ಎನ್ನುವುದು ಎಲ್ಲ ಕಡೆಯೂ ಒಂದೇ ಅಲ್ಲ. ಮೂವತ್ತನಾಲ್ಕಕ್ಕೂ ಮೂವತ್ತೈದಕ್ಕೂ ನಡುವೆ ಇರುವ ಒಂದು ಇಡೀ ಓಣಿಗೆ ಪೇಡೆ ಹಂಚಿಸುತ್ತದೆ. ಐವತ್ತೆರಡಕ್ಕೂ ಐವತ್ಮೂರಕ್ಕೂ ನಡುವಿನ ಒಂದು ಯಾರಿಗೂ ಬೇಡದ್ದು, ಬಿದ್ದಲ್ಲೇ ಬಿದ್ದಿರುತ್ತದೆ. ಇನ್ನು ತೊಂಬತ್ತೊಂಬತ್ತಕ್ಕೂ ನೂರಕ್ಕೂ ನಡುವಿನ ಒಂದು ಇದೆಯಲ್ಲ, ಅದು ಮನೆಯವರ ಊಟ ನಿದ್ದೆ ಎರಡನ್ನೂ ಕೆಡಿಸುತ್ತದೆ. ಎಂಬತ್ತು ಬಂದವರ ಮನೆಗೆ ಜನ ಅಭಿನಂದಿಸಲು ಹೋಗುತ್ತಾರೆ. ತೊಂಬತ್ತೊಂಬತ್ತು ಬಂದವರ ಮನೆಗೆ ಮಾತನಾಡಿಸಿಕೊಂಡು ಬರಲು ಹೋಗುತ್ತಾರೆ.

ಅಂಕದ ಮಾತು ಬಂದ ಮೇಲೆ ನನ್ನದನ್ನೂ ಹೇಳದಿದ್ದರೆ ಅನ್ಯಾಯ. ಏಳನೆಯ ಇಯತ್ತೆಯ ಒಂದು ಕಿರುಪರೀಕ್ಷೆಯಲ್ಲಿ ನನಗೆ ಸೊನ್ನೆ ಬಂದಿತ್ತು. ನಮ್ಮದು ಬಸವ ಪರಂಪರೆಯ ಮನೆ. ಅಪ್ಪ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, “ಶೂನ್ಯ ಸಿಗಲಿ ಅಂತ ಶರಣರು ಜನ್ಮ ಸವಿಸ್ಯಾರ. ನಿನಗ ಅರ್ಧ ತಾಸಿನಾಗ ಸಿಕ್ಕತಲ್ಲವಾ ತಂಗಿ!” ಎಂದರು. ಬೈದಿದ್ದರೆ ನಾನು ಅತ್ತು ಮರೆತುಬಿಡುತ್ತಿದ್ದೆ. ಹೀಗೆ ಗೌರವದಿಂದ ಮಾತನಾಡಿದ್ದರಿಂದ ಹಟ ಹುಟ್ಟಿ, ಆ ಹಟದಲ್ಲೇ ಗಣಿತದ ಟೀಚರ್ ಆದೆ. ಆದರೆ ನೂರಕ್ಕೆ ನೂರು ಮಾತ್ರ ನನಗೆ ಒಮ್ಮೆಯೂ ಬರಲಿಲ್ಲ. ಇಂಥವರೇ ಮುಂದೆ ಮಕ್ಕಳ ಪ್ರಾಣ ತಿನ್ನುತ್ತಾರೆ.

ನಮ್ಮ ಶಾಲೆಯ ಹೆಡ್ ಮಾಸ್ತರರ ಕೋಣೆಯಲ್ಲಿ ಒಂದು ಫಲಕವಿದೆ. ಹಳೆಯ ವಿದ್ಯಾರ್ಥಿಗಳ ಕೊಡುಗೆ. ತೇಗದ ಚೌಕಟ್ಟು, ಕಪ್ಪು ಬಣ್ಣ, ಮೇಲೆ ಬಂಗಾರದ ಅಕ್ಷರಗಳಲ್ಲಿ ‘ಗಣಿತದಲ್ಲಿ ನೂರಕ್ಕೆ ನೂರು ಪಡೆದವರು’. ಬರೆದ ಪೇಂಟರ್ ಉತ್ಸಾಹಿ. ಕೆಳಗೆ ಕ್ರಮಸಂಖ್ಯೆ ಒಂದು ಎಂದೂ ಬರೆದು, ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು ಹೋಗಿದ್ದ. ಆ ಒಂದು ಹಲವು ವರ್ಷಗಳಿಂದ ಹೆಸರಿಗಾಗಿ ಕಾಯುತ್ತ ಕೂತಿತ್ತು. ಯಾವ ಅಧಿಕಾರಿ ಬಂದರೂ ಮೊದಲು ಆ ಫಲಕ ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಹೆಡ್ ಮಾಸ್ತರರು ಪ್ರತಿ ಜೂನ್‌ನಲ್ಲಿ, “ಈ ವರ್ಷ ಅದಕ್ಕೊಂದು ಗತಿ ಕಾಣಸ್ರಿ ಮೇಡಂ,” ಎನ್ನುವರು. ಮನೆಯಲ್ಲಿ ಬೆಳೆದ ಮಗಳ ಬಗ್ಗೆ ಮಾತನಾಡುವ ದನಿ.

ಹೀಗಿರುವಾಗ ಪದ್ಮಶ್ರೀ ಬಂದಳು. ನಂದಗಡದ ಹುಡುಗಿ, ದಿನಾ ಬಸ್ಸಿನಲ್ಲಿ ಖಾನಾಪುರಕ್ಕೆ ಬರುವವಳು. ಅವಳ ತಂದೆ ಜಿನ್ನಪ್ಪನವರದು ಅಲ್ಲಿ ಹಿಟ್ಟಿನ ಗಿರಣಿ. ತೆಳ್ಳಗೆ, ಎರಡು ಜಡೆ, ಮಾತು ಕಡಿಮೆ. ಆದರೆ ಆಡಿದ ಒಂದೊಂದು ಮಾತೂ ನೆಟ್ಟಗೆ ಬಂದು ತಾಗುತ್ತಿತ್ತು. ಎಂಟನೆಯ ಇಯತ್ತೆಯಲ್ಲೇ ಒಂದು ದಿನ ಹಲಗೆಯ ಮೇಲೆ ನಾನು ಮಾಡಿದ ಲೆಕ್ಕವನ್ನು ನೋಡಿ, “ಟೀಚರ್, ಉತ್ತರ ಬರೋಬ್ಬರಿ ಐತ್ರಿ. ಆದ್ರ ನೀವು ಮಾಡಿದ್ದು ಬ್ಯಾರೆ ಲೆಕ್ಕ,” ಎಂದಿದ್ದಳು. ನಾನು ಪುಸ್ತಕದ ಮುಂದಿನ ಲೆಕ್ಕವನ್ನು ಹಾಕಿದ್ದೆ. ಅಂದೇ ನಿರ್ಧರಿಸಿದೆ, ಆ ಒಂದರ ಮುಂದೆ ಬರುವ ಹೆಸರು ಇದೇ.

ಹತ್ತನೆಯ ಇಯತ್ತೆಗೆ ಬಂದಾಗ ಅವಳಿಗೂ ಆ ಹುಚ್ಚು ಹಿಡಿಸಿದೆ. ನಾನು ಒಂದು ತಾಸು ಮುಂಚಿನ ಬಸ್ಸು ಹಿಡಿದು ಬರುವುದು, ಅವಳು ನಂದಗಡದಿಂದ ಒಂದು ತಾಸು ಮುಂಚೆ ಬರುವುದು, ಜವಾನ ಕಸಗುಡಿಸುತ್ತಿರುವಾಗ ನಾವಿಬ್ಬರೂ ಬೆಂಚಿನ ಮೇಲೆ ಕಾಲೆತ್ತಿಕೊಂಡು ಲೆಕ್ಕ ಮಾಡುವುದು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ತೊಂಬತ್ತಾರು. ಎರಡನೆಯದರಲ್ಲಿ ತೊಂಬತ್ತೆಂಟು. ಮೂರನೆಯದರಲ್ಲಿ ತೊಂಬತ್ತೇಳು. “ಬರೆದದ್ದನ್ನ ಮೂರು ಸಲ ನೋಡು,” ಎಂದು ನಾನು ಉಪದೇಶ ಮಾಡಿದೆ. ಅವಳು ಸ್ವಲ್ಪ ಯೋಚಿಸಿ ಹೇಳಿದಳು: “ಮೂರನೇ ಸಲ ನೋಡಿದ್ರ ಸರಿ ಇದ್ದದ್ದೂ ತಪ್ಪ ಕಾಣತೈತ್ರಿ ಟೀಚರ್.” ನಿಜವೇ. ಬಾಗಿಲಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಎರಡು ಸಲ ಎಳೆದು ನೋಡುವವರು ನೆಮ್ಮದಿಯಿಂದ ಹೋಗುತ್ತಾರೆ. ಮೂರನೆಯ ಸಲ ನೋಡಿದವರು ದಾರಿಯುದ್ದಕ್ಕೂ ಒದ್ದಾಡುತ್ತಾರೆ.

ಬಾಯಿಬಿಟ್ಟು ಆಸೆ ಹೇಳಿಕೊಳ್ಳುವ ಹುಡುಗಿ ಅಲ್ಲ ಅದು. ಒಂದೇ ಒಂದು ದಿನ, ಹೆಡ್ ಮಾಸ್ತರರ ಕೋಣೆಯಿಂದ ಸೀಮೆಸುಣ್ಣದ ಡಬ್ಬಿ ತಂದವಳು ಮೆಲ್ಲಗೆ ಕೇಳಿದಳು: “ಆ ಬೋರ್ಡಿನ ಮ್ಯಾಲೆ ಹೆಸರಿನ ಜೋಡಿ ಊರಿನ ಹೆಸರೂ ಬರೀತಾರೇನ್ರಿ?” ಬರೆಸೋಣ ಎಂದೆ. “ಅಪ್ಪಂದು?” ಅದನ್ನೂ ಬರೆಸೋಣ, ಜಾಗ ಬೇಕಾದಷ್ಟಿದೆ ಎಂದೆ. ಅಷ್ಟು ಹೊತ್ತಿಗೆ ಆ ನೂರು ನನ್ನದೋ ಅವಳದೋ ಎಂಬುದನ್ನು ಬಿಡಿಸಿ ಹೇಳುವುದು ಕಷ್ಟವಾಗಿತ್ತು.

ಫಲಿತಾಂಶ ಬಂತು. ಗಣಿತದಲ್ಲಿ ತೊಂಬತ್ತೊಂಬತ್ತು.

ಎ ಪ್ಲಸ್ ಶ್ರೇಣಿ, ಶಾಲೆಗೇ ಮೊದಲು, ತಾಲ್ಲೂಕಿನಲ್ಲೂ ಹೆಸರು. ಇದನ್ನೆಲ್ಲ ನಾನು ಆಮೇಲೆ ಗಮನಿಸಿದೆ. ಆ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದು ಇಲ್ಲದ ಆ ಒಂದು ಮಾತ್ರ. ಜಿನ್ನಪ್ಪನವರಿಗೆ ಫೋನ್ ಮಾಡಿದೆ. ಹಿಂದೆ ಗಿರಣಿಯ ಪಟ್ಟಾ ಓಡುವ ಸದ್ದು. ಹೆಣ್ಣು ಟೀಚರನ್ನು ಕರೆಯುವ ಹಳೆಯ ರೂಢಿಯಂತೆ ಅವರು ನನ್ನನ್ನು ಬಾಯಾರ ಎಂದೇ ಕರೆಯುತ್ತಾರೆ. ನನ್ನ ದುಃಖವನ್ನೆಲ್ಲ ಕೇಳಿಸಿಕೊಂಡು ಸಮಾಧಾನದಿಂದ ಹೇಳಿದರು: “ಬಾಯಾರ, ನೂರು ಕಿಲೋ ಗೋದಿ ಹಾಕಿದ್ರ ತೊಂಬತ್ತೊಂಬತ್ತ ಕಿಲೋ ಹಿಟ್ಟ ಬರತೈತ್ರಿ. ಒಂದ ಕಿಲೋ ಗಿರಣಿ ತಿಂತೈತಿ. ನೂರಕ್ಕ ನೂರ ಕೊಡತೀನಿ ಅಂದಾವ ನೀರ ಹೊಡದಿರತಾನ.”

ಮಾತು ಸೊಗಸಾಗಿತ್ತು. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ಹಣ್ಣು ಕಳೆದುಕೊಂಡವರಿಗೆ ವೇದಾಂತ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಯೇ ಬಿಡಬೇಕು, ನಮ್ಮ ಅಂಕ ಎಲ್ಲಿ ಹೋಯಿತೆಂದು ನೋಡಬೇಕು, ಮರುಮೌಲ್ಯಮಾಪನಕ್ಕೆ ಹಾಕಬೇಕು ಎಂದು ಹಟ ಹಿಡಿದೆ. ಪದ್ಮಶ್ರೀ ಬೇಡ ಎನ್ನಲಿಲ್ಲ. “ಹೌದ್ರಿ ಟೀಚರ್, ನೋಡೂಣು,” ಎಂದಳು. ದನಿ ಸಣ್ಣಗಿತ್ತು. ಅತ್ತಿದ್ದಳೆಂದು ಕಾಣುತ್ತದೆ.

ಪ್ರತಿ ಬಂದದ್ದು ಶನಿವಾರ. ಅರ್ಜಿಗೆ ಸೋಮವಾರವೇ ಕೊನೆ. ಭಾನುವಾರ ಬೆಳಿಗ್ಗೆ ತಂದೆ ಮಗಳು ಇಬ್ಬರೂ ಪ್ರಿಂಟ್ ಹಿಡಿದುಕೊಂಡು ಮಹಾಂತೇಶ ನಗರದ ನಮ್ಮ ಮನೆಗೆ ಬಂದರು. ಜಿನ್ನಪ್ಪನವರು ಹೊಸ ಟೋಪಿ ಹಾಕಿಕೊಂಡು, ಹೆಣ್ಣು ತೋರಿಸಲು ಬಂದವರ ಹಾಗೆ ಸೋಫಾದ ತುದಿಯಲ್ಲಿ ಕೂತರು. ನಾನು ಅವಲಕ್ಕಿ ಕೊಟ್ಟು, ಕನ್ನಡಕ ಒರೆಸಿ, ಕೆಂಪು ಪೆನ್ನು ತೆಗೆದುಕೊಂಡು ಪತ್ರಿಕೆಯನ್ನು ಮೊದಲಿನಿಂದ ತಿದ್ದಲು ಕೂತೆ.

ಹತ್ತೇ ನಿಮಿಷದಲ್ಲಿ ಕಳ್ಳ ಸಿಕ್ಕ. ಶಂಕುವಿನ ಘನಫಲದ ಪ್ರಶ್ನೆಗೆ ನಾಲ್ಕು ಅಂಕ. ಇವಳ ಲೆಕ್ಕದ ಕೊನೆಯ ಸಾಲು ಪುಟದಲ್ಲಿ ಹಿಡಿಸದೆ ಮುಂದಿನ ಪುಟದ ನೆತ್ತಿಗೆ ಹೋಗಿತ್ತು. ತಿದ್ದಿದವರು ಅದನ್ನು ನೋಡದೆ ಮೂರು ಕೊಟ್ಟಿದ್ದರು. ಪುಟ ತಿರುಗಿಸಿದ್ದರೆ ಸಾಕಿತ್ತು! “ಸಿಕ್ಕತು!” ಎಂದು ನಾನು ಕೂಗಿದ ಕೂಗಿಗೆ ಜಿನ್ನಪ್ಪನವರ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಪದ್ಮಶ್ರೀಯ ಮುಖ ಅರಳಿದ್ದನ್ನು ನಾನು ನೋಡಿದೆ. ಮೂರು ವರ್ಷದಲ್ಲಿ ಅವಳು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಆದರೆ ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರದು. ಉಳಿದ ಪುಟಗಳನ್ನೂ ನೋಡುತ್ತ ಹೋದೆ. ತ್ರಿಕೋನಮಿತಿಯ ‘ಸಾಧಿಸಿ’ ಪ್ರಶ್ನೆ ಬಂತು. ಈ ಜಾತಿಯ ಪ್ರಶ್ನೆ ನಿಮಗೆ ನೆನಪಿರಬಹುದು, ಕೊನೆಗೆ ಏನು ಬರಬೇಕೆಂದು ಪ್ರಶ್ನೆಯಲ್ಲೇ ಹೇಳಿರುತ್ತಾರೆ. ಹೋಗಬೇಕಾದ ಊರು ಗೊತ್ತಿರುವ ಪ್ರಯಾಣ ಅದು. ನಡುವೆ ದಾರಿ ತಪ್ಪಿದವರೂ ಕೊನೆಯ ಸ್ಟಾಪಿನಲ್ಲಿ ಸರಿಯಾಗಿ ಇಳಿದೇ ಇರುತ್ತಾರೆ. ಎಲ್ಲಿ ಹೊಲ ಹಾರಿದರು, ಎಲ್ಲಿ ಬೇಲಿ ದಾಟಿದರು ಎಂಬುದನ್ನು ನೋಡುವುದೇ ತಿದ್ದುವವರ ಕೆಲಸ. ಪದ್ಮಶ್ರೀ ಎರಡನೆಯ ಸಾಲಿನಲ್ಲಿ ಕಳೆಯುವ ಚಿಹ್ನೆಯ ಜಾಗದಲ್ಲಿ ಕೂಡುವ ಚಿಹ್ನೆ ಬರೆದಿದ್ದಳು. ಮೂರನೆಯ ಸಾಲಿನಲ್ಲಿ ಅದು ಯಾರ ಅಪ್ಪಣೆಯೂ ಇಲ್ಲದೆ ಕಳೆಯುವ ಚಿಹ್ನೆಯಾಗಿತ್ತು. ಪದ್ಧತಿಯ ಪ್ರಕಾರ ಅಲ್ಲಿ ಒಂದು ಅಂಕ ಹೋಗಬೇಕು. ಹೋಗಿರಲಿಲ್ಲ. ಮೂರಕ್ಕೆ ಮೂರು ಕೊಟ್ಟಿದ್ದರು.

ನಾನು ಏನು ಮಾಡಿದೆ ಗೊತ್ತೇ? ಪುಟ ತಿರುಗಿಸಿದೆ. ಸ್ವಲ್ಪ ಬೇಗನೆ ತಿರುಗಿಸಿದೆ. ಇಷ್ಟು ವರ್ಷ ಮಕ್ಕಳ ಕಿವಿ ಹಿಂಡಿ ಇಂಥ ಜಾಗದಲ್ಲಿ ಕೆಂಪು ಗೆರೆ ಎಳೆದವಳು, ಅಂದು ಗಾಳಿ ಬಂದಿತೇನೋ ಎಂಬಂತೆ ಪುಟ ತಿರುಗಿಸಿ, “ಉಳದದ್ದೆಲ್ಲಾ ಚೊಕ್ಕ ಐತಿ. ನಾಳೆ ಅರ್ಜಿ ಹಾಕೂಣು,” ಎಂದೆ. ಮನಸ್ಸಿನಲ್ಲಿ ವಾದವೂ ಸಿದ್ಧವಾಗಿತ್ತು. ಮೊದಲು ತಿದ್ದಿದವರಿಗೆ ಕಾಣದ್ದು ಎರಡನೆಯವರಿಗೂ ಕಾಣಲಿಕ್ಕಿಲ್ಲ. ನಾವು ಕೇಳುವುದು ನಮ್ಮ ಹಕ್ಕಿನ ಅಂಕ. ಹೀಗೆಲ್ಲ.

ಪದ್ಮಶ್ರೀ ಕೈ ಚಾಚಿ ಪತ್ರಿಕೆ ತೆಗೆದುಕೊಂಡಳು. ತನ್ನದೇ ಅಕ್ಷರವನ್ನು ಬೇರೆಯವರದೆಂಬಂತೆ ನಿಧಾನವಾಗಿ ಓದಿದಳು. ಆ ಪುಟಕ್ಕೆ ಬಂದು ನಿಂತಳು.

“ಟೀಚರ್, ಇದು ತಪ್ಪೈತ್ರಿ.”

“ಅವ್ರು ಕೊಟ್ಟಾರಲ್ಲ,” ಎಂದೆ.

“ಕೊಟ್ಟದ್ದು ಅವ್ರು. ತಪ್ಪ ಮಾಡಿದ್ದು ನಾನು.”

ನಾನು ಬಿಡಲಿಲ್ಲ. ಶಂಕುವಿನ ಲೆಕ್ಕದಲ್ಲಿ ನಿನಗೆ ಅನ್ಯಾಯ ಆಗಿರುವುದು ಸುಳ್ಳೇ ಎಂದು ಕೇಳಿದೆ. ಸುಳ್ಳಲ್ಲ ಎಂದಳು. ಹಾಗಾದರೆ ಅದೊಂದನ್ನು ಕೇಳೋಣ ಎಂದೆ. “ಅದನ್ನ ಕೇಳಿದ್ರ ಇದನ್ನೂ ಹೇಳಬೇಕಲ್ರಿ,” ಎಂದಳು. ಜಿನ್ನಪ್ಪನವರಿಗೆ ಇಷ್ಟು ಹೊತ್ತು ಏನೂ ತಿಳಿದಿರಲಿಲ್ಲ. ಅವಲಕ್ಕಿಯ ತಟ್ಟೆ ಕೆಳಗಿಟ್ಟು ಕೇಳಿದರು: “ಒಂದ ಬರಬೇಕಾಗಿದ್ದು ಬಂದಿಲ್ಲ, ಒಂದ ಬರಬಾರದ್ದು ಬಂದೈತಿ. ಹಂಗಾರ ಟೋಟಲ್ ಎಷ್ಟಾತು?”

“ತೊಂಬತ್ತೊಂಬತ್ತು,” ಎಂದಳು ಮಗಳು.

“ಬರೋಬ್ಬರಿ ಐತಲ್ಲ ಮತ್ತ!” ಎಂದು ಅವರು ತಟ್ಟೆಯನ್ನು ಮತ್ತೆ ಎತ್ತಿಕೊಂಡರು.

ಪದ್ಮಶ್ರೀ ಕಾಗದಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಕಣ್ಣಲ್ಲಿ ನೀರಿತ್ತು, ಇಲ್ಲವೆಂದು ನಾನು ಹೇಳುವುದಿಲ್ಲ. ಬಂಗಾರದ ಅಕ್ಷರದ ಆಸೆಯನ್ನು ಹದಿನಾರನೆಯ ವಯಸ್ಸಿನಲ್ಲಿ ಮಡಚಿ ಚೀಲಕ್ಕೆ ಹಾಕುವುದು ಸಣ್ಣ ಕೆಲಸವಲ್ಲ. ಮೂಗು ಏರಿಸಿಕೊಂಡು, ಚೀಲದ ಜಿಪ್ ಎಳೆದು, ಹೊರಡುವವಳಂತೆ ಎದ್ದು ನಿಂತವಳು ಹಾಗೇ ತಿರುಗಿ ನನ್ನನ್ನೇ ನೋಡಿದಳು.

“ಟೀಚರ್, ಒಂದು ಕೇಳಲ್ರಿ? ಅದು ತಪ್ಪ ಇದ್ದದ್ದು ನಿಮಗ ಕಂಡಿತ್ತೇನ್ರಿ?”

ಕಾಣಲಿಲ್ಲ ಎನ್ನಬಹುದಿತ್ತು. ಕನ್ನಡಕದ ಮೇಲೆ ಹಾಕಬಹುದಿತ್ತು, ವಯಸ್ಸಿನ ಮೇಲೆ ಹಾಕಬಹುದಿತ್ತು. ಜಿನ್ನಪ್ಪನವರೂ ತಿನ್ನುವುದನ್ನು ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

“ಕಂಡಿತ್ತು,” ಎಂದೆ.

ಅವಳದು ಹಲಗೆಯ ಮೇಲಿನ ಲೆಕ್ಕ ನೋಡುವ ಅದೇ ಮುಖ. ಆಮೇಲೆ, ಎಷ್ಟು ತಡೆದರೂ ತುಟಿಯ ತುದಿಯಲ್ಲಿ ನಗೆ ಹೊರಬಂತು.

“ಹಂಗಾರ ನಿಮಗೂ ಒಂದ ಮಾರ್ಕ್ ಕಟ್ ರೀ.”

ಒಂದು ಕಳೆದು ಅವಳು ಕೊಟ್ಟ ಅಂಕದ ಬಗ್ಗೆ ನಾನು ತಕರಾರು ಮಾಡಲಿಲ್ಲ. ನನ್ನಂಥವಳಿಗೆ ಅದು ಧಾರಾಳವಾಗಿ ತಿದ್ದಿದ ಪತ್ರಿಕೆಯೇ. ಆ ಭಾನುವಾರದವರೆಗೆ ನನ್ನ ಲೆಕ್ಕದಲ್ಲಿ ನಾನು ನೂರಕ್ಕೆ ನೂರೇ ಇದ್ದೆ.