ಜುಲೇಖಾ ಮೇಡಂ ಅವರ ಬಾಟಲಿಗಳು

ಜುಲೇಖಾ ಮೇಡಂ ಅವರ ಕಿವಿಯ ಹಿಂದೆ ಸದಾ ಒಂದು ಮೋಟು ಪೆನ್ಸಿಲ್ ಇರುತ್ತಿತ್ತು. ತಲೆಯ ಮೇಲಿನ ದುಪಟ್ಟಾದ ಅಂಚಿನಿಂದ ಅದರ ತುದಿಯಷ್ಟೇ ಕಾಣುತ್ತಿತ್ತು. ಮಣ್ಣಿನಲ್ಲಿ, ನೀರಿನಲ್ಲಿ ಏನೇನು ವಿಷ ಸೇರಿದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಹಡಿಯಲ್ಲಿ ಮೂರು ವರ್ಷ ಬಾಡಿಗೆಗಿದ್ದರು. ಕುರುಗೋಡಿನ ಮೆಣಸಿನಕಾಯಿ ಹೊಲದ ಮಣ್ಣು, ಸಿರುಗುಪ್ಪದ ಭತ್ತದ ಗದ್ದೆಯ ನೀರು, ಎಲ್ಲವೂ ಚೀಲ, ಬಾಟಲಿಗಳಲ್ಲಿ ನಮ್ಮ ಮೆಟ್ಟಿಲು ಹತ್ತುತ್ತಿದ್ದವು. ಪ್ರತಿಯೊಂದರ ಮೇಲೂ ಊರು, ಹೊತ್ತು, ಪೆನ್ಸಿಲ್ಲಿನ ಗುಂಡನೆಯ ಅಕ್ಷರ.

"ಪೆನ್ನಿಲೆ ಬರದ್ರ ಐಸಿನ ಡಬ್ಬಿಯಾಗ ಹೆಸರು ಅಳಿಸಿ ಹೋಗ್ತೈತ್ರಿ ಅಕ್ಕಾ. ಆಮ್ಯಾಲ ಯಾರ ನೀರು ಯಾರದೋ!" ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವರ ಫ್ರಿಜ್ಜು ಕೆಟ್ಟಿತು. ನಮ್ಮ ಫ್ರಿಜ್ಜಿನ ಕೆಳಗಿನ ಅಂತಸ್ತು ಅವರದಾಯಿತು.

"ಏನ್ ಮೇಡಂ, ನಮ್ ಮನ್ಯಾಗ ಹಾಲಿಗಿಂತ ಮೋರಿ ನೀರೇ ಜಾಸ್ತಿ ಆತಲ್ರಿ," ಎಂದರು ನಮ್ಮವರು.

"ಹಾಲು ನಾಳಿನೂ ಸಿಗ್ತೈತ್ರಿ ಅಣ್ಣಾ. ಇವತ್ತಿನ ಈ ನೀರು ನಾಳಿ ಸಿಗಂಗಿಲ್ಲ."

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಶುಚಿತ್ವ ನನ್ನದು. ಅವರ ಖಾಲಿ ಬಾಟಲಿಗಳಿಗೆ ಧೂಳು ಕೂತಿದ್ದು ನೋಡಲಾರದೆ, ಒಮ್ಮೆ ಸೋಪಿನ ಪುಡಿ ಹಾಕಿ ತಿಕ್ಕಿ, ಉಪ್ಪಿನಕಾಯಿ ಜಾಡಿಗಳಂತೆ ಬಿಸಿಲಿಗೆ ಬೋರಲು ಹಾಕಿದೆ. ಮೇಡಂ ಒಂದನ್ನೆತ್ತಿ ಮೂಸಿದರು. "ಪರೀಕ್ಷಾದಾಗ ನಿಮ್ಮ ಸೋಪೂ ಸಿಗ್ತೈತಲ್ರಿ ಅಕ್ಕಾ," ಎಂದು ನಕ್ಕು, ಎಲ್ಲವನ್ನೂ ತಾವೇ ಮತ್ತೆ ತೊಳೆದರು. ಬೈಯಲಿಲ್ಲ.

ತೆಕ್ಕಲಕೋಟೆ ಹತ್ತಿರದ ಹಳ್ಳಿಯೊಂದರಲ್ಲಿ ಬಸಮ್ಮ ಎಂಬಾಕೆಯ ಮನೆಯ ಬೋರ್‌ವೆಲ್ ಇತ್ತು, ಗದ್ದೆಗೆ ಅಂಟಿಕೊಂಡೇ. ಮೇಡಂಗೆ ಬೆಳಗಿನ ಮೊದಲ ನೀರು ಬೇಕಾಗಿದ್ದರಿಂದ ಹಿಂದಿನ ಸಂಜೆಯೇ ಬಾಟಲಿ ಕೊಟ್ಟು ಬರುತ್ತಿದ್ದರು; ಮನೆಯವರು ತುಂಬಿಡುತ್ತಿದ್ದರು. ಬಸಮ್ಮನ ನೀರು ಚೆನ್ನಾಗಿದೆ ಎಂದು ಫಲಿತಾಂಶ ಬಂತು. ಫೋನಿನಲ್ಲೇ ತಿಳಿಸಿದರು. ವಾರದ ನಂತರ ಗದ್ದೆಯ ಮಣ್ಣು ತರಲು ಹೊರಟಾಗ ನಾನೂ ಜೊತೆಗೆ ಹೋದೆ.

ಬಸಮ್ಮ ಎರಡು ತಿಂಗಳ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸುತ್ತಿದ್ದಳು. ಸೊಸೆಗೆ ಹಾಲು ಸಾಲದು, ಪುಡಿ ಹಾಲು.

"ನನ್ನ ನೀರು ಪಾಸಾತಲ್ರಿ ಮೇಡಂ! ಆಗದೇನು ಮತ್ತ? ದೊಡ್ಡೋರು ನೋಡೋ ನೀರು ಅಂತ ಕ್ಯಾನಿನ ಫಿಲ್ಟರ್ ನೀರೇ ತುಂಬಿಟ್ಟಿದ್ದೆ. ಬೋರಿಂದು ಹೆಂಗ ಕೊಡ್ಲಿ, ಮರ್ಯಾದಿ ಬ್ಯಾಡೇನ್ರಿ?"

ಮೇಡಂ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟರು. "ಕೂಸಿಗೆ ಯಾವ ನೀರಾಗ ಹಾಲು ಕಲಸ್ತಿ ಬಸಮ್ಮಾ?"

"ಬೋರಿಂದ್ರಿ. ನೀವ ಚಲೋ ಐತಿ ಅಂದ್ರಲ್ಲ, ಕ್ಯಾನ್ ಬಿಡಿಸಿಬಿಟ್ವಿ. ಕುದಿಸೇ ಹಾಕ್ತೀನ್ರಿ."

"ಗದ್ದಿ ಗೊಬ್ಬರ ಬೋರಿಗೆ ಇಳಿದಿದ್ರ ಕುದಿಸಿದ್ರೂ ಹೋಗಂಗಿಲ್ಲ, ನೀರು ಆರಿದಷ್ಟೂ ಜಾಸ್ತಿನೇ ಆಗ್ತೈತಿ. ಕೂಸಿನ ರಕ್ತಕ್ಕ ಕೆಟ್ಟದ್ದು. ನಿಲ್ಲಿಸವ್ವಾ."

ಬಸಮ್ಮ ಕೂಸಿನ ಬಾಯಿಂದ ಬಾಟಲಿ ತೆಗೆದಳು. "ನಾ ಏನ್ ಮಾಡಿಬಿಟ್ಟೆ..."

"ನೀ ಅಲ್ಲ. ಬಾಟ್ಲಿ ಬಿಟ್ಟು ಹೋದಾಕಿ ನಾನು."

ಮೇಡಂ ಮಗುವಿನ ತುಟಿ, ಉಗುರುಗಳನ್ನು ನೋಡಿದರು. ನೀಲಿಗೆ ತಿರುಗಿರಲಿಲ್ಲ. ಪರೀಕ್ಷೆಗೆಂದು ಕಾಯಲಿಲ್ಲ, ಆಟೋದಲ್ಲಿ ತೆಕ್ಕಲಕೋಟೆಗೆ ಹೋಗಿ ತಾವೇ ಒಂದು ಕ್ಯಾನ್ ತಂದಿಳಿಸಿದರು. ಆಮೇಲೆ ಬೋರಿನ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಗಲಗಲಿಸಿ ಚೆಲ್ಲಿ, ನಾಲ್ಕನೆಯ ಸಲ ತುಂಬಿದರು. ಬಸಮ್ಮ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಪರೀಕ್ಷೆಯಲ್ಲಿ ಆ ನೀರಿನ ಗೊಬ್ಬರದ ಅಂಶ ಮಿತಿ ಮೀರಿತ್ತು. ಮಗುವಿಗೆ ಏನೂ ಆಗಲಿಲ್ಲ. ಮೇಡಂ ಮಾತ್ರ ಬಾಟಲಿ ಬಿಟ್ಟು ಬಂದಿದ್ದ ಮನೆಗಳಿಗೆಲ್ಲ ಮತ್ತೆ ಹೋದರು, ಒಂದೊಂದಾಗಿ, ಬೆಳಗಿನ ಮೊದಲ ಬಸ್ಸಿಗೆ. ಆ ತಿಂಗಳು ಅವರ ನಗು ಕೇಳಿದ ನೆನಪಿಲ್ಲ.

ಹೋದ ವರ್ಷ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ದಿನ ಕೆಳಗೆ ಬಂದು ಫ್ರಿಜ್ಜಿನ ತಮ್ಮ ಅಂತಸ್ತನ್ನು ಒದ್ದೆ ಬಟ್ಟೆಯಿಂದ ಒರೆಸಿ, "ಇನ್ನ ಹಾಲು ಇಡ್ರಿ ಅಕ್ಕಾ," ಎಂದರು. ಪೆನ್ಸಿಲ್ ಕಿವಿಯ ಹಿಂದೆಯೇ ಇತ್ತು. ನಾನು ಅಲ್ಲಿ ಹಾಲಿಡಲಿಲ್ಲ. ಏಕೋ, ಕೈ ಮೇಲಿನ ಅಂತಸ್ತಿಗೇ ಹೋಗುತ್ತಿತ್ತು.

ಕಳೆದ ವಾರ ಬಸಮ್ಮನ ಫೋನು. "ಅಕ್ಕಾರ, ಬಾಜೂ ಮನಿಯವರು ಹೊಸ ಬೋರ್ ಹಾಕಿಸ್ಯಾರ. ಅವರ ಸೊಸಿ ಬಸುರಿ ಅದಾಳ. ನಾನೇ ನಿಂತು ಮೂರು ಸಲ ತೊಳದು ತುಂಬೀನಿ, ಬೋರಿಂದೇ ನೀರು. ಮೇಡಂ ಇಲ್ಲಂತ. ಇದನ್ನ ಯಾರಿಗೆ ಕೊಡ್ಲಿ?"

"ಮೊದಲನೇ ಬಸ್ಸಿಗೆ ತಗೊಂಡು ಬಾ. ಪರೀಕ್ಷಾಕ್ಕ ನಾ ಕೊಡಸ್ತೀನಿ," ಎಂದೆ. "ಮತ್ತ ಬಸಮ್ಮಾ, ಹೆಸರು ಪೆನ್ಸಿಲ್ಲಿಲೆ ಬರಿ."